ಬೂಷ್ಟಿಗೆ ಬೆಲ್ಲದ ನೀರು

ಬಾಳಯ್ಯಜ್ಜನ ಆಶ್ರಮದಲ್ಲಿ ಬೂಷ್ಟು ಬೆಳೆಸುತ್ತಿದ್ದರು.

ಮೂಗು ಮುರಿಯಬೇಡಿ. ಹಳಸಿದ ರೊಟ್ಟಿಯ ಮೇಲೆ ಕಂಡರೆ ನಾವು ನೀವು ತಿಪ್ಪೆಗೆ ಎಸೆಯುತ್ತೇವಲ್ಲ, ಅದೇ ಜಾತಿಯದು. ಇಲ್ಲಿ ಮಾತ್ರ ಅದಕ್ಕೆ ಮನೆಮಗುವಿಗಿಂತ ಹೆಚ್ಚು ಉಪಚಾರ.

ಮಲಪ್ರಭೆಯ ದಂಡೆ. ಒಂದು ಉದ್ದನೆಯ ಚಪ್ಪರ. ಅದರಡಿ ಸಾಲಾಗಿ ಬಿದಿರಿನ ತಟ್ಟೆಗಳು. ಆಶ್ರಮವೆಂದರೆ ಇಷ್ಟೇ.

ಗಿರಣಿಯವರು ಬೇಡವೆಂದ ಗೋಧಿ ತೌಡು, ಹೊಲದವರು ಸುಟ್ಟುಹಾಕಲಿದ್ದ ಗೋವಿನಜೋಳದ ದಂಟು. ಎರಡನ್ನೂ ಹಬೆಯಲ್ಲಿ ಬೇಯಿಸಿ, ಆರಿಸಿ, ತಟ್ಟೆಗೆ ಹರವುತ್ತಿದ್ದರು. ಅದಕ್ಕೆ ಅಜ್ಜನ ಗಡಿಗೆಯಿಂದ ಒಂದು ಚಿಟಿಕೆ ಹೆಪ್ಪು. ಹಾಲಿಗೆ ಮೊಸರಿನ ಹೆಪ್ಪು ಹಾಕುವುದಿಲ್ಲವೇ, ಹಾಗೆಯೇ. ಇದು ಒಣಗಿಸಿಟ್ಟ ಬೂಷ್ಟಿನ ಪುಡಿ.

ಬೂಷ್ಟಿಗೆ ಬಾಯಿಲ್ಲ, ಹಲ್ಲಿಲ್ಲ. ತೌಡಿನೊಳಗಿನ ಹಿಟ್ಟನ್ನು ಅಗಿದು ತಿನ್ನಲಾರದು. ಅದಕ್ಕೇ ಮೈಯಿಂದ ಒಂದು ರಸ ಬಿಟ್ಟು, ಹಿಟ್ಟನ್ನು ಕರಗಿಸಿ, ಆಮೇಲೆ ಹೀರಿಕೊಳ್ಳುತ್ತದೆ. ಓದಿದವರು ಆ ರಸಕ್ಕೆ ಕಿಣ್ವ ಎನ್ನುತ್ತಾರೆ. ಪೇಟೆಯ ಕಾರ್ಖಾನೆಗಳು ಅಂಥದ್ದನ್ನೇ ಡ್ರಮ್ಮುಗಟ್ಟಲೆ ತೆಗೆದು ಸೋಪಿನ ಪುಡಿಗೂ ಹಣ್ಣಿನ ರಸಕ್ಕೂ ಬಳಸುತ್ತವೆ. ಅಜ್ಜ ತೆಗೆಯುತ್ತಿದ್ದದ್ದು ನೇಕಾರರ ಬಟ್ಟೆಗಾಗಿ.

ಮಗ್ಗಕ್ಕೆ ಏರುವ ನೂಲಿಗೆ ಗಂಜಿ ಕುಡಿಸಿರುತ್ತಾರೆ. ಇಲ್ಲದಿದ್ದರೆ ಎಳೆ ಹರಿಯುತ್ತದೆ. ನೇಯ್ದು ಮುಗಿದ ಮೇಲೆ ಅದೇ ಗಂಜಿ ಶನಿಯಾಗಿ ಕೂರುತ್ತದೆ. ಅದು ಬಿಡದೆ ಬಟ್ಟೆಗೆ ಬಣ್ಣ ಹಿಡಿಯುವುದಿಲ್ಲ.

ಗಂಜಿಯೂ ಹಿಟ್ಟೇ ತಾನೇ, ಬೂಷ್ಟಿನ ರಸ ಬೆರೆತ ನೀರಿನಲ್ಲಿ ನೆನೆಸಿಟ್ಟರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಅಜ್ಜನ ಶಿಷ್ಯೆ ದಾಕ್ಷಿಯ ಊರಿನವರಿಗೆ ಇದು ಗೊತ್ತಿರಲಿಲ್ಲ. ಅಲ್ಲಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದ ಹಂಡೆಯಲ್ಲಿ ಕುದಿಸುತ್ತಿದ್ದರು. ಕುದಿಸಿ, ಎತ್ತಿ, ಹಿಂಡುತ್ತಿದ್ದವಳು ದಾಕ್ಷಿಯ ತಾಯಿ ಗೌರವ್ವ.

ಗೌರವ್ವನ ಬೆರಳ ತುದಿಯಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಖಾರ ತಾಗಿದರೆ ಜೀವ ಹೋಗುತ್ತಿತ್ತು. ಮನೆಯಲ್ಲಿ ಅವಳೊಬ್ಬಳೇ ಚಮಚದಲ್ಲಿ ಉಣ್ಣುವವಳು. ನೆಂಟರು ಬಂದರೆ, "ಏನ ಗೌರವ್ವಾ, ಸಾಹೇಬರ ಮನಿಯಾಕಿ ಆದಿ?" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ದಾಕ್ಷಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವನ ಕೈ ಇನ್ನು ಸೋಡಾ ಮುಟ್ಟಬಾರದು. ಅದೊಂದೇ ಹಟ ಹೊತ್ತು ದಾಕ್ಷಿ ಅಜ್ಜನ ಹತ್ತಿರ ಬಂದಿದ್ದಳು.

ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಕಲಿತಾಯಿತು ಅನ್ನಿಸಿದವರು ಒಂದು ಪಾಳಿ ತಟ್ಟೆಗಳನ್ನು ತಾವೇ ಇಡಬೇಕು. ಆ ಪಾಳಿ ಮುಗಿಯುವವರೆಗೆ ಯಾರೂ ಬುದ್ಧಿ ಹೇಳುವಂತಿಲ್ಲ. ಅಜ್ಜ ಕೂಡ ಬಾಯಿ ಬಿಡುವಂತಿಲ್ಲ. ಆ ತಟ್ಟೆಗಳ ಬೂಷ್ಟಿನ ನೀರಿನಲ್ಲಿ ಬಟ್ಟೆಯ ಗಂಜಿ ಬಿಟ್ಟರೆ ಅಜ್ಜ ಗಡಿಗೆಯಿಂದ ಹೆಪ್ಪು ಕೊಡುತ್ತಾರೆ. ಬಿಡದಿದ್ದರೆ ಮತ್ತೊಂದು ಪಾಳಿ. ಹೆಪ್ಪು ಸಿಕ್ಕವರು ತಮ್ಮ ಊರಿಗೆ ಹೋಗಿ ತಮ್ಮದೇ ಚಪ್ಪರ ಹಾಕಬಹುದು.

ತನ್ನ ಪಾಳಿ ಬಂದಾಗ ದಾಕ್ಷಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಜ್ಜಾರ, ಅವ್ವಗ ಹೇಳಿ ಕಳಿಸೀನ್ರಿ! ಗುರುವಾರ ಬಟ್ಟಿ ಗಂಟ ತಗೊಂಡ ಬರತಾಳ!"

"ಬೂಷ್ಟು ಇನ್ನೂ ಬಂದಿಲ್ಲ," ಎಂದರು ಅಜ್ಜ.

"ಬರತೈತ್ರಿ!"

"ಅದಕ್ಕೂ ಹೇಳಿ ಕಳಿಸೀಯೇನು?"

ದಾಕ್ಷಿ ನಕ್ಕು ಓಡಿದಳು. ತೌಡು ಬೇಯಿಸಿದಳು, ದಂಟು ಕತ್ತರಿಸಿದಳು, ಹೆಪ್ಪು ಬೆರೆಸಿದಳು, ತಟ್ಟೆಗೆ ಹರವಿ ಒದ್ದೆ ಅರಿವೆ ಹೊದಿಸಿದಳು. ಹೊದಿಸಿದ ಅರಿವೆಯನ್ನು ಆ ಕ್ಷಣವೇ ಎತ್ತಿ ನೋಡಿದಳು. ಏನೂ ಬಂದಿರಲಿಲ್ಲ. ಮತ್ತೆ ಹೊದಿಸಿದಳು.

"ಹಂಗ ಪದೇ ಪದೇ ಅರಿವಿ ತೆಗೀಬ್ಯಾಡ," ಎಂದ ರಾಚಪ್ಪ. ಅವನು ಆಶ್ರಮದ ಹಿರಿಯ ಶಿಷ್ಯ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. "ನಾ ಏನೂ ಅಂದಿಲ್ಲವಾ. ನೀ ಏನೂ ಕೇಳಿಲ್ಲ."

ಮರುದಿನ ದಾಕ್ಷಿ ತಟ್ಟೆಯಲ್ಲಿ ಕೈ ಇಟ್ಟಳು. ಒಳಗೆ ಬೆಚ್ಚಗಿತ್ತು.

"ರಾಚಪ್ಪಣ್ಣಾ, ಕೈ ಇಟ್ಟ ನೋಡ! ಬೆಚ್ಚಗೈತಿ! ಜೀವ ಐತಿ ಒಳಗ!"

ಜೀವವೇನೋ ಇತ್ತು. ಆದರೆ ನೋಡಲು ಏನೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ತೆಳ್ಳನೆ ಬಿಳಿ ಎಳೆ, ಅಷ್ಟೇ. ದಾಕ್ಷಿಯ ಮುಖ ಸಣ್ಣದಾಯಿತು.

"ಪಾಪ, ಎಷ್ಟ ಸೊರಗ್ಯಾವ. ಒಣಾ ತೌಡ ತಿಂದು ಎಷ್ಟಂತ ಬೆಳೀತಾವ?"

ಅವಳ ಅವ್ವ ಮನೆಗೆ ಬಂದ ಯಾವ ಕೂಸಿನ ಕೈಗೂ ಬೆಲ್ಲದ ಚೂರು ಇಡದೆ ಕಳಿಸಿದವಳಲ್ಲ. ಮಗಳಿಗೂ ಅದೇ ಹೊಳೆಯಿತು. ಅಡುಗೆಮನೆಗೆ ಹೋಗಿ ಒಂದು ದೊಡ್ಡ ಹೆಂಟೆ ಬೆಲ್ಲ ತಂದಳು. ತಂಬಿಗೆಯಲ್ಲಿ ಕರಗಿಸಿದಳು. ಒಂದೊಂದೇ ತಟ್ಟೆಗೆ ಪ್ರೀತಿಯಿಂದ ಚಿಮುಕಿಸತೊಡಗಿದಳು.

ಹೊಳೆಗೆ ಹೊರಟಿದ್ದ ಅಜ್ಜ ಅಲ್ಲೇ ನಿಂತರು. ತಂಬಿಗೆ ನೋಡಿದರು. ಬೆಲ್ಲದ ವಾಸನೆ ಅವರ ಮೂಗಿಗೂ ಬಡಿದಿರಬೇಕು.

ಹಿಂದೆಯೇ ಬಂದ ರಾಚಪ್ಪ ಬಾಯಿ ತೆರೆದ.

"ರಾಚಪ್ಪಾ," ಎಂದರು ಅಜ್ಜ.

"ರೀ?"

"ಎಮ್ಮಿಗೆ ನೀರ ಕುಡಿಸಿ ಬಾ."

"ಈಗಷ್ಟ ಕುಡಸೀನ್ರಿ ಅಜ್ಜಾರ."

"ಅದಕ್ಕ ಮತ್ತ ನೀರಡಿಕಿ ಆಗೈತಿ."

ರಾಚಪ್ಪ ದಾಕ್ಷಿಯನ್ನು ನೋಡಿದ, ಅಜ್ಜನನ್ನು ನೋಡಿದ, ಎಮ್ಮೆಯ ಕಡೆ ನಡೆದ. ಅಜ್ಜ ಹೊಳೆಯ ಕಡೆ ನಡೆದರು. ದಾಕ್ಷಿ ತಂಬಿಗೆಯ ಕೊನೆಯ ಹನಿಯವರೆಗೂ ಚಿಮುಕಿಸಿದಳು.

ಬೆಳಕು ಹರಿದದ್ದೇ ತಡ, ಆಶ್ರಮಕ್ಕೆ ಆಶ್ರಮವೇ ಎದ್ದು ಕೂತಿತು.

"ಅಜ್ಜಾರ! ಅಜ್ಜಾರ ಬರ್ರಿ! ರಾಚಪ್ಪಣ್ಣಾ ಬಾರೋ! ಹತ್ತಿ ಹೊಲ ಆಗೈತಿ ನೋಡ್ರಿ, ಹತ್ತಿ ಹೊಲ!"

ಸುಳ್ಳಲ್ಲ. ತಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೆ ಬೆಳ್ಳಗೆ, ದಪ್ಪಗೆ, ಮೆತ್ತಗೆ ಬೂಷ್ಟು ಉಕ್ಕಿ ನಿಂತಿತ್ತು. ತೌಡು ಕಾಣುತ್ತಲೇ ಇರಲಿಲ್ಲ. ಹೊಸ ಶಿಷ್ಯರು ಬಾಯಿ ಕಳೆದು ನಿಂತರು. ಒಬ್ಬನಂತೂ ಬೆರಳಿನಿಂದ ಮುಟ್ಟಿ ನೋಡಿ ದಾಕ್ಷಿಯ ಕೈಯಲ್ಲಿ ಪೆಟ್ಟು ತಿಂದ.

ಅಜ್ಜ ಬಂದು ಬಾಗಿ ನೋಡಿದರು.

"ಚಂದ ಐತಿ."

"ನೀವ ಇಟ್ಟ ತಟ್ಟಿನೂ ಇಷ್ಟ ಚಂದ ಬಂದಿಲ್ಲಲ್ರಿ ಅಜ್ಜಾರ?"

"ಇಲ್ಲ. ನಂದು ಎಂದೂ ಇಷ್ಟ ಚಂದ ಬಂದಿಲ್ಲ."

ದಾಕ್ಷಿಗೆ ಆಕಾಶ ಮೂರೇ ಗೇಣು. ರಾಚಪ್ಪ ಮಾತ್ರ ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದ.

ಗುರುವಾರ ಗೌರವ್ವ ಬಸ್ಸಿಳಿದು, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಬಂದಳು. ದಾಕ್ಷಿ ದಾರಿಯವರೆಗೂ ಓಡಿ ಹೋಗಿ ಗಂಟು ಇಳಿಸಿಕೊಂಡಳು.

"ಅವ್ವಾ, ಕೈ ತೋರಸು."

"ಏನ ನೋಡತಿ? ಇದ್ದಂಗ ಅದಾವ."

"ಇವತ್ತಿಗೆ ಮುಗೀತು. ಆ ಸೋಡಾದ ಹಂಡೆ ಮಾರಿಬಿಡೂಣು. ನಾ ಹೆಪ್ಪ ತಗೊಂಡ ನಿನ್ನ ಸಂಗಾಟನ ಬರತೀನಿ!"

"ಮೊದಲ ಬಟ್ಟಿ ನೋಡೂಣವಾ," ಎಂದಳು ಗೌರವ್ವ. "ನಾಳೆ ಬಣ್ಣದವರು ಬರತಾರ. ಅಷ್ಟ್ರಾಗ ಗಂಜಿ ಬಿಟ್ಟಿರಬೇಕು. ಇಲ್ಲಂದ್ರ ಈ ಕೆಲಸ ಬ್ಯಾರೇದವರ ಪಾಲಾಕ್ಕೈತಿ."

ದಾಕ್ಷಿ ತಟ್ಟೆಗಳಲ್ಲಿದ್ದ ಬೂಷ್ಟು ಹತ್ತಿದ ತೌಡನ್ನು ನೀರಿಗೆ ಹಾಕಿ ಕಿವುಚಿದಳು. ತೆಳು ಅರಿವೆಯಲ್ಲಿ ಸೋಸಿದಳು. ಸೋಸಿದ ಕಂದು ನೀರನ್ನು ಮೈಗೆ ಹಾಕಿಕೊಳ್ಳುವಷ್ಟು ಬಿಸಿ ಮಾಡಿ, ಅದರಲ್ಲಿ ಅವ್ವನ ಬಟ್ಟೆ ಮುಳುಗಿಸಿದಳು. ಮಧ್ಯಾಹ್ನದವರೆಗೆ ಅದರ ಪಕ್ಕದಿಂದ ಕದಲಲಿಲ್ಲ. ಊಟಕ್ಕೆ ಕರೆದರೆ ಕೈಯಾಡಿಸಿ ಬೇಡವೆಂದಳು.

ಗಂಜಿ ಬಿಟ್ಟಿತೋ ಇಲ್ಲವೋ ತಿಳಿಯಲು ಆಶ್ರಮದಲ್ಲಿ ಒಂದು ಅಯೋಡಿನ್ ಬಾಟಲಿ ಇತ್ತು. ಬಟ್ಟೆಯ ಮೇಲೆ ಒಂದು ಹನಿ ಬಿಡಬೇಕು. ಗಂಜಿ ಇದ್ದರೆ ಶಾಯಿ ಚೆಲ್ಲಿದಂತೆ ಕಡುನೀಲಿ. ಹೋಗಿದ್ದರೆ ಚಹಾದ ಬಣ್ಣ.

ಅಜ್ಜ ಹನಿ ಬಿಟ್ಟರು.

ಕಡುನೀಲಿ.

"ಆ ಕಡೆ ನೋಡ್ರಿ ಅಜ್ಜಾರ, ಈ ಕಡೆ ನೆನದಿಲ್ಲ ಕಾಣತೈತಿ."

ಆ ಕಡೆಯೂ ಕಡುನೀಲಿ.

"ನಡಕ ನೋಡ್ರಿ."

ನಡುವೆಯೂ ಅಷ್ಟೇ.

ಗೌರವ್ವ ಬಟ್ಟೆಯನ್ನು ಹಿಂಡಿ, ಮಡಚಿ, ಗಂಟು ಕಟ್ಟಿದಳು. ಕಟ್ಟುವಾಗ ಬೆರಳು ಕಾಣಬಾರದೆಂದು ಸೆರಗು ಮುಂದೆ ಎಳೆದುಕೊಂಡಳು.

"ಇರಲಿ ಬಿಡ ಮಗಳ. ನನಗ ರೂಢಿ ಐತಿ. ಈಗಿನ ಬಸ್ಸ ಸಿಕ್ಕರ ಹೊತ್ತ ಮುಳುಗೂದ್ರಾಗ ಹಂಡೆ ಇಡತೀನಿ."

ಅವ್ವ ಬಯ್ದಿದ್ದರೂ ದಾಕ್ಷಿಗೆ ಇಷ್ಟು ನೋಯುತ್ತಿರಲಿಲ್ಲ. ಬಸ್ಸಿನ ಧೂಳು ಕಣ್ಮರೆಯಾಗುವವರೆಗೂ ಅವಳು ದಾರಿಯಲ್ಲೇ ನಿಂತಿದ್ದಳು. ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಗಾದರೂ ಅವಳು ಏನೂ ತಿಂದಿರಲಿಲ್ಲ. ಅಜ್ಜ ಒಂದು ತಾಟು ಹಿಡಿದು ಬಂದು ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತರು. ತಾಟಿನಲ್ಲಿ ಬೆಲ್ಲದ ಹೆಂಟೆ, ಮತ್ತೆ ಸಿಪ್ಪೆ ಸುಲಿಯದ ಒಂದು ರಾಶಿ ಶೇಂಗಾ.

"ತಿನ್ನು."

"ಹಸಿವಿಲ್ರಿ."

"ನಿನ್ನ ಹೊಟ್ಟಿ ಸದ್ದ ನನಗ ಕೇಳಾಕತ್ತೈತಿ."

ದಾಕ್ಷಿ ಕಣ್ಣೊರೆಸಿಕೊಂಡು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚೂರು ಮುರಿದಳು.

ಪಾಳಿ ಮುಗಿದಿತ್ತು. ಇನ್ನು ಅಜ್ಜ ಬಾಯಿ ಬಿಡಬಹುದಿತ್ತು. ಅವರೋ ನೀರು ನೋಡುತ್ತ ಸುಮ್ಮನೆ ಕೂತಿದ್ದರು. ಕೊನೆಗೆ ಅವಳೇ ಕೇಳಿದಳು.

"ಅಜ್ಜಾರ, ಅಷ್ಟ ಸೊಂಪಾಗಿ ಬೆಳದ ಬೂಷ್ಟು ರಸ ಯಾಕ ಬಿಡಲಿಲ್ರಿ?"

"ನೀ ಶೇಂಗಾ ಯಾಕ ತಿನ್ನವಲ್ಲಿ?"

"ಸಿಪ್ಪಿ ಒಡೀಬೇಕಲ್ರಿ."

"ಹಲ್ಲ ಇಲ್ಲೇನು?"

"ಅದಾವ್ರಿ. ಆದ್ರ ಕೈಯಾಗ ಬೆಲ್ಲ ಇರೂ ಮುಂದ..."

ದಾಕ್ಷಿ ತಟ್ಟನೆ ನಿಲ್ಲಿಸಿದಳು. ಬಾಯಿಯೊಳಗಿನ ಬೆಲ್ಲ ಬಾಯಿಯಲ್ಲೇ ಉಳಿಯಿತು.

"ಕೈಯಾಗ ಬೆಲ್ಲ ಇರೂ ಮುಂದ ಯಾಕ ಒಡೀಬೇಕ್ರಿ!"

ಕೂಗಿದ ರಭಸಕ್ಕೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಅವಳೂ ಎದ್ದಳು. ಕಾಲು ತಾಗಿ ತಾಟು ಉರುಳಿತು. ಅದರ ಪರಿವೆಯೇ ಇಲ್ಲದೆ ಚಪ್ಪರದ ಕಡೆ ಓಡಿದಳು.

"ನಾನ ಉಣಿಸೀನಿ! ಸಿಹಿ ಕೊಟ್ಟ ಕೂಡಿಸೀನಿ! ಮತ್ಯಾಕ ರಸ ಬಿಡತಾವ ಅವು? ಕುಂತಲ್ಲೇ ತಿಂದು ಕೊಬ್ಬ್ಯಾವ! ರಾಚಪ್ಪಣ್ಣಾ, ತೌಡ ಹಬಿಗೆ ಇಡ! ಬ್ಯಾಡ ಬ್ಯಾಡ, ಇದೂ ನನ್ನ ಪಾಳಿ, ನಾನ ಇಡತೀನಿ!"

ಅಜ್ಜ ಮೆಟ್ಟಿಲ ಮೇಲೆ ಚೆಲ್ಲಿದ್ದ ಶೇಂಗಾ ಒಂದೊಂದೇ ಆರಿಸಿ, ಒಡೆದು ತಿನ್ನುತ್ತ ಕೂತರು.

ಈ ಸಲ ದಾಕ್ಷಿ ಬರೀ ತೌಡು, ಬರೀ ದಂಟು ಇಟ್ಟಳು. ಹೆಪ್ಪು ಹಾಕಿ ಅರಿವೆ ಹೊದಿಸಿ ದೂರ ಹೋಗಿ ಕೂತಳು. ಹೋಗಿ ನೋಡಬೇಕೆಂದು ಕೈ ಕಡಿಯುತ್ತಿತ್ತು. ತಡೆದುಕೊಂಡಳು. ತಟ್ಟೆಯ ಬಿಸಿ ಹೆಚ್ಚಾದಾಗ ಮಾತ್ರ ಕೈಯಾಡಿಸಿ ಗಾಳಿ ಕೊಟ್ಟಳು. ಇಣುಕಿದಾಗಲೆಲ್ಲ ಕಂಡದ್ದು ಅದೇ ಬಡಕಲು ಎಳೆಗಳು. ಹೆದರಿಕೆಯಿದ್ದರೂ ಒಳಗೊಳಗೇ ಖುಷಿ. ಹಸಿದಿವೆ ಇವು, ಈಗ ಸುಮ್ಮನೆ ಕೂರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸುದ್ದಿ ಮುಟ್ಟಿದ ಗೌರವ್ವ ಮಗ್ಗದಿಂದ ಇಳಿದ ಹೊಸ ಬಟ್ಟೆ ಹೊತ್ತು ಮತ್ತೆ ಬಂದಳು. ಅವಳ ಎರಡೂ ಕೈಯ ಬೆರಳಿಗೆ ಹಳೆಯ ಸೀರೆಯ ಚೂರು ಸುತ್ತಿತ್ತು. ಹಿಂದಿನ ಗಂಟನ್ನು ಅವಳು ಸೋಡಾದಲ್ಲೇ ಕುದಿಸಿದ್ದಳಲ್ಲ. ದಾಕ್ಷಿ ನೋಡಿದಳು. ತಲೆಯ ಮೇಲಿನ ಗಂಟು ಇಳಿಸಿಕೊಂಡಳು.

ಗೌರವ್ವ ಚಪ್ಪರದೊಳಗೆ ಬಂದು ತಟ್ಟೆಯ ಅರಿವೆ ಎತ್ತಿದಳು.

"ಅಯ್ಯ, ಏನವಾ ಇದು? ಎಷ್ಟ ಬಡಕಲ ಆಗ್ಯಾವ ಪಾಪ. ಒಂದೀಟ ಬೆಲ್ಲದ ನೀರ ಚಿಮುಕಿಸಲೇನು?"

ದಾಕ್ಷಿ ಎರಡೂ ಕೈ ಚಾಚಿ ತಟ್ಟೆಗೆ ಅಡ್ಡ ನಿಂತಳು.

"ಅವ್ವಾ! ಮುಟ್ಟಿದ್ರ ನೋಡ!"

"ಹಸದಾವ ಕೂಸ, ನೋಡಲ್ಲಿ."

"ಹಸೀಲಿ! ಹಸದರನ ಕೆಲಸ ಮಾಡತಾವ!"

ರಾಚಪ್ಪ ಕಂಬ ಹಿಡಿದುಕೊಂಡು ನಗತೊಡಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ನಾ ಸಕ್ಕರಿ ಹಾಕಿದ್ನೆವಾ," ಎಂದ. "ನನ್ನ ಪಾಳಿದಾಗ. ಬೆಲ್ಲ ಕಡಿಮಿ ಆತಂತ ಸಕ್ಕರಿ ಹಾಕಿದ್ದೆ!"

ಗೌರವ್ವನೂ ನಕ್ಕಳು, ಯಾಕೆಂದು ತಿಳಿಯದಿದ್ದರೂ.

ಬೂಷ್ಟು ಬಲಿತು ಹಸಿರು ಬಣ್ಣಕ್ಕೆ ತಿರುಗುವ ಮೊದಲೇ ದಾಕ್ಷಿ ತಟ್ಟೆ ಎತ್ತಿದಳು. ಕಿವುಚಿದಳು, ಸೋಸಿದಳು, ಬಿಸಿ ಮಾಡಿದಳು, ಬಟ್ಟೆ ಮುಳುಗಿಸಿದಳು. ಈ ಸಲ ಊಟಕ್ಕೆ ಕರೆದಾಗ ಹೋದಳು. ಎರಡೇ ತುತ್ತು ಉಂಡು ಎದ್ದು ಬಂದಳು.

ಹೊತ್ತು ವಾಲಿದ ಮೇಲೆ ಬಟ್ಟೆ ಎತ್ತಿದರು. ಅಜ್ಜ ಬಾಟಲಿ ತೆರೆದರು. ದಾಕ್ಷಿ ಕಣ್ಣು ಮುಚ್ಚಿಕೊಂಡಳು.

ಹನಿ ಬಿತ್ತು.

"ಕಣ್ಣ ತಗೀ ಹುಚ್ಚಿ!" ಎಂದು ರಾಚಪ್ಪ ಕಿರುಚಿದ.

ಚಹಾದ ಬಣ್ಣ!

"ಆ ಕಡೆ ಹಾಕ್ರಿ!"

ಚಹಾದ ಬಣ್ಣ!

"ನಡಕ!"

ನಡುವೆಯೂ ಅದೇ. ದಾಕ್ಷಿ ಬಾಟಲಿ ಕಸಿದುಕೊಂಡು ಸಿಕ್ಕ ಸಿಕ್ಕಲ್ಲಿ ಹನಿಸಿದಳು. ಎಲ್ಲೂ ನೀಲಿ ಇಲ್ಲ. ಹೊಸ ಶಿಷ್ಯರು ಕೇಕೆ ಹಾಕಿದರು. ರಾಚಪ್ಪ ತಟ್ಟೆಯನ್ನೇ ತಮಟೆ ಮಾಡಿಕೊಂಡು ಬಡಿದ. ದಾಕ್ಷಿ ಒದ್ದೆ ಬಟ್ಟೆಯ ಒಂದು ತುದಿ ಹಿಡಿದು ಚಪ್ಪರದ ಸುತ್ತ ಓಡಿದಳು, ಬಟ್ಟೆ ಅವಳ ಹಿಂದೆ ಹಾರಿತು.

ಗದ್ದಲದಲ್ಲಿ ಗೌರವ್ವನನ್ನು ಯಾರೂ ನೋಡಿರಲಿಲ್ಲ. ಅವಳು ಬೆರಳಿನ ಚೂರುಗಳನ್ನು ಬಿಚ್ಚಿ, ಪಾತ್ರೆಯ ಮುಂದೆ ಕೂತು, ಆ ಕಂದು ನೀರಿಗೆ ಮೊದಲು ಒಂದು ಬೆರಳು ಅದ್ದಿದಳು. ಆಮೇಲೆ ಇಡೀ ಕೈ ಇಳಿಸಿದಳು. ಹಾಗೇ ಇಟ್ಟುಕೊಂಡು ಕೂತಳು.

"ದಾಕ್ಷೀ," ಎಂದಳು. "ಉರೀವಲ್ದ ನೋಡ."

ಆಮೇಲೆ ಇನ್ನೂ ಗಟ್ಟಿಯಾಗಿ, ನಗುತ್ತ, ಅಳುತ್ತ, "ಉರೀವಲ್ದವಾ! ಒಂಚೂರೂ ಉರೀವಲ್ದು!"

ದಾಕ್ಷಿ ಓಡಿ ಬಂದು ಅವ್ವನನ್ನು ತಬ್ಬಿಕೊಂಡಳು.

ಅಜ್ಜ ಒಳಗೆ ಹೋಗಿ ಗಡಿಗೆಯಿಂದ ಹೆಪ್ಪು ತೆಗೆದು, ಒಂದು ಬಟ್ಟೆಯ ಚೀಲಕ್ಕೆ ಹಾಕಿ ಕಟ್ಟಿ ತಂದರು. ದಾಕ್ಷಿಯ ಮುಂದೆ ಹಿಡಿದರು.

ಅವಳ ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ನೆಲದ ಮೇಲೆ ಅವ್ವ ಬಿಚ್ಚಿ ಹಾಕಿದ ಸೀರೆಯ ಚೂರುಗಳು ಬಿದ್ದಿದ್ದವು. ಅವಕ್ಕೆ ರಕ್ತ ಅಂಟಿತ್ತು.

"ಅಜ್ಜಾರ, ಒಂದ ಮಾತ ಕೇಳಲೇನ್ರಿ?"

"ಕೇಳು."

"ನಾ ಬೆಲ್ಲದ ನೀರ ಹಾಕೂದ ನೀವ ನೋಡಿದ್ರಿ."

"ನೋಡಿದೆ."

"ಕೆಡತೈತಿ ಅನ್ನೂದ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಒಂದ ಮಾತ ಹೇಳಿದ್ದರ ನಮ್ಮವ್ವ ಅವತ್ತ ಸೋಡಾದಾಗ ಕೈ ಹಾಕತಿರಲಿಲ್ಲ." ದಾಕ್ಷಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಿಮಗ ಕಟ್ಟಳಿ ದೊಡ್ಡದಾತೇನ್ರಿ? ನಮ್ಮವ್ವನ ಕೈಗಿಂತ?"

ರಾಚಪ್ಪ ತಟ್ಟೆ ಬಡಿಯುವುದನ್ನು ನಿಲ್ಲಿಸಿದ.

"ಏ, ಅಜ್ಜಾರಿಗೆ ಹಿಂಗ ಕೇಳತಾರೇನ?" ಎಂದು ಗೌರವ್ವ ಗದರಿದಳು.

ಅಜ್ಜ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು. "ಕೇಳಬೇಕು," ಎಂದರು. ಆಮೇಲೆ ಗೌರವ್ವನ ಮುಂದೆ ಕೂತು, ನೀರಿನಿಂದ ತೆಗೆದ ಅವಳ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿದರು. ಆ ಕೈಗಳಿಗೆ ಕೈ ಮುಗಿದರು.

ಎದ್ದು ಬಂದು ಹೆಪ್ಪಿನ ಚೀಲವನ್ನು ದಾಕ್ಷಿಯ ಅಂಗೈಯಲ್ಲಿ ಇಟ್ಟು, ಅವಳ ಬೆರಳುಗಳನ್ನು ಮಡಿಸಿದರು.

"ನಾ ಹೇಳಿದ್ದರ, ತಂಗಿ, ನಿಮ್ಮವ್ವನ ಕೈ ಅವತ್ತ ಒಂದ ದಿನ ಅಷ್ಟ ಉಳೀತಿತ್ತು."